ಯಾವ ಜಿಮ್ ಮೊದಲು?

ಪ್ರಶ್ನೆ: ಪೋಕೆಮಾನ್ ಸರಣಿಯ ‘ಸ್ಕಾರ್ಲೆಟ್’ ಆಟದಲ್ಲಿ, ನಾಯಕರನ್ನು ಸೋಲಿಸಿ ಬ್ಯಾಡ್ಜ್ ಗೆಲ್ಲುವ ಎಂಟು ಜಿಮ್‌ಗಳಿಗೆ ಯಾವ ಕ್ರಮದಲ್ಲಾದರೂ ಹೋಗಬಹುದಲ್ಲ? ಆದರೂ ಸೋಲೇ ಹೆಚ್ಚು. ಹೊಸದಾಗಿ ಹಿಡಿದ 32ನೇ ಲೆವೆಲ್‌ನ ಪೋಕೆಮಾನ್ ಮಾತೂ ಕೇಳುತ್ತಿಲ್ಲ. ನನ್ನ ಮೊದಲ ಪೋಕೆಮಾನ್ ಫ್ಯೂಕೊಕೊ.

ಉತ್ತರ: ಹೋಗಬಹುದು ನಿಜ, ಆದರೆ ಎದುರಾಳಿಯ ಲೆವೆಲ್ ನಿಮಗೆ ತಕ್ಕಂತೆ ಬದಲಾಗುವುದಿಲ್ಲ. 2022ರ ಈ ಆಟ ಅದನ್ನು ಎಲ್ಲೂ ಬಿಡಿಸಿ ಹೇಳುವುದಿಲ್ಲ. ಇದು ದೊಡ್ಡ ಕೊರತೆಯೇ. ಮೊದಲು ಪಶ್ಚಿಮದ ಕೊರ್ಟೊಂಡೊ (ಎದುರಾಳಿಯ ಗರಿಷ್ಠ ಲೆವೆಲ್ 15), ಆಮೇಲೆ ಪೂರ್ವದ ಆರ್ಟಜಾನ್ (17), ನಂತರ ಲೆವಿನ್ಸಿಯಾ (24), ಕ್ಯಾಸ್ಕರಾಫಾ (30), ಮೆಡಾಲಿ (36). ಹಿಮದ ಗ್ಲಾಸೆಯಾಡೊ (48) ಕೊನೆಗಿರಲಿ.

ಮೊದಲೆರಡು ಜಿಮ್ ಕೀಟ ಮತ್ತು ಹುಲ್ಲಿನವು. ಬೆಂಕಿಯ ಫ್ಯೂಕೊಕೊಗೆ ಸಲೀಸು. ಕೊರ್ಟೊಂಡೊದ ನಾಯಕಿ ಕೇಟಿ ಕೊನೆಗೆ ಇಳಿಸುವ ಟೆಡ್ಡಿಯರ್ಸಾ ಬಗ್ಗೆ ಮಾತ್ರ ಎಚ್ಚರ. ಟೆರಾ (ಹರಳಿನಂತೆ ಹೊಳೆದು ಜಾತಿ ಬದಲಿಸುವ ಶಕ್ತಿ) ಆದೊಡನೆ ಅದು ಕೀಟ ಜಾತಿಗೆ ಬದಲಾಗುತ್ತದೆ, ಫೈಟಿಂಗ್ ಜಾತಿಯ ಏಟು ಅದಕ್ಕೆ ಅರ್ಧವೇ ತಾಗುತ್ತದೆ. ಅದರ ಫ್ಯೂರಿ ಕಟರ್ ಎಂಬ ಏಟು ಸತತವಾಗಿ ತಾಗಿದರೆ ಬಲ 40, 80, 160 ಹೀಗೆ ಇಮ್ಮಡಿಸುತ್ತದೆ. ಎಳೆದಾಡದೆ ಎರಡು ಮೂರು ಬೆಂಕಿಯ ಏಟಿನಲ್ಲೇ ಮುಗಿಸಿ.

ಮಾತು ಕೇಳದಿರುವುದಕ್ಕೆ ಬ್ಯಾಡ್ಜ್ ಕೊರತೆಯೇ ಕಾರಣ. ಬ್ಯಾಡ್ಜ್ ಇಲ್ಲದಿದ್ದರೆ 20ನೇ ಲೆವೆಲ್‌ವರೆಗೆ ಹಿಡಿದವು ಮಾತ್ರ ಕೇಳುತ್ತವೆ. ಪ್ರತಿ ಬ್ಯಾಡ್ಜ್‌ಗೂ ಮಿತಿ 5 ಏರುತ್ತದೆ. ನಿಮ್ಮದಕ್ಕೆ ಮೂರು ಬ್ಯಾಡ್ಜ್ ಬೇಕು. ಲೆಕ್ಕಕ್ಕೆ ಬರುವುದು ಹಿಡಿದಾಗಿನ ಲೆವೆಲ್, ಈಗಿನದ್ದಲ್ಲ. ಹಾಗಾಗಿ 18ರಲ್ಲಿ ಹಿಡಿದು 40ಕ್ಕೆ ಬೆಳೆಸಿದ್ದು ಧಾರಾಳವಾಗಿ ಮಾತು ಕೇಳುತ್ತದೆ.

ನಿಮ್ಮ ಪೋಕೆಮಾನ್ ಅನ್ನು ಟೆರಾ ಮಾಡಿಸುವ ಗೋಳ, ಟೆರಾ ಆರ್ಬ್, ಒಮ್ಮೆ ಬಳಸಿದರೆ ಖಾಲಿ. ಜಿಮ್ ಬಾಗಿಲಿಗೆ ಹೋಗುವ ಮುಂಚೆ ಪೋಕೆಮಾನ್ ಸೆಂಟರ್‌ನಲ್ಲಿ ತುಂಬಿಸಿಕೊಳ್ಳಿ.