ಬೀಥೋವನ್ ಸಿಂಫನಿ: ಯಾರದ್ದು ಕೇಳಬೇಕು?

ಪ್ರಶ್ನೆ: ಬೀಥೋವನ್ ಸಿಂಫನಿಗಳನ್ನು, ಅಂದರೆ ದೊಡ್ಡ ವಾದ್ಯವೃಂದಕ್ಕೆ ಬರೆದ ಕೃತಿಗಳನ್ನು, ಈಗಷ್ಟೇ ಕೇಳಲು ಶುರು ಮಾಡಿದ್ದೇನೆ. ಹುಡುಕಿದರೆ ರಾಶಿ ರಾಶಿ ರೆಕಾರ್ಡಿಂಗ್ ಸಿಗುತ್ತವೆ, ತಲೆ ಕೆಡುತ್ತದೆ. ಒಂಬತ್ತು ಸಿಂಫನಿಗಳೂ ಇರುವ ಒಂದು ಒಳ್ಳೆಯ ಸೆಟ್ ಹೇಳಿ.
- ಓದುಗರು, ಧಾರವಾಡ

ಉತ್ತರ: ಒಂದೇ ಸೆಟ್ ಬೇಕು ಅಂದರೆ ವಾದ್ಯವೃಂದ ನಡೆಸುವ ನಿರ್ದೇಶಕ ಕಾರಾಯಾನ್ ಬರ್ಲಿನ್ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾ ಜೊತೆ 1961-62ರಲ್ಲಿ ಮಾಡಿದ್ದು ಇದೆ. ಅದರ ಮೂರು, ಐದು, ಒಂಬತ್ತು ಇವತ್ತಿಗೂ ಮೈ ನಡುಗಿಸುತ್ತವೆ. ಆದರೆ ಅದೇ ಸೆಟ್ಟಿನ ಆರನೆಯದು, ಅಂದರೆ ಹಳ್ಳಿ, ಹೊಳೆ, ಮಳೆ ಎಲ್ಲ ಇರುವ ಪಾಸ್ಟೊರಲ್, ಬಸ್ಸು ತಪ್ಪಿಹೋಗುತ್ತದೆ ಅನ್ನುವ ಹಾಗೆ ಓಡುತ್ತದೆ. ಹೊಳೆ ದಂಡೆಗೆ ಹೋಗಿ ಯಾರಾದರೂ ಅಷ್ಟು ಅವಸರ ಮಾಡುತ್ತಾರಾ? ಅದಕ್ಕೇ ಹೇಳುವುದು, ಸೆಟ್ ಬೇಡ. ಒಂಬತ್ತೂ ಒಬ್ಬರ ಕೈಗೆ ಒಲಿಯುವುದು ಕಷ್ಟ. ಒಂದೊಂದಾಗಿ ಆರಿಸಿಕೊಳ್ಳಿ.

ಐದು ಮತ್ತು ಏಳಕ್ಕೆ ನಾನು ಹೇಳುವುದು ನಿರ್ದೇಶಕ ಕಾರ್ಲೋಸ್ ಕ್ಲೈಬರ್. ವಿಯೆನ್ನಾ ಫಿಲ್ಹಾರ್ಮೋನಿಕ್, ಐದನೆಯದು 1974ರಲ್ಲಿ, ಏಳನೆಯದು 1975-76ರಲ್ಲಿ. ಅವರು ಮೊದಲ ಪಿಟೀಲುಗಳನ್ನು ಎಡಕ್ಕೆ, ಎರಡನೆಯವನ್ನು ಬಲಕ್ಕೆ ಕೂರಿಸುತ್ತಿದ್ದರು. ಹೆಡ್‌ಫೋನ್ ಹಾಕಿಕೊಂಡು ಏಳರ ಕೊನೆಯ ಭಾಗ ಕೇಳಿ, ಎರಡೂ ಕಡೆಯವರು ಸವಾಲು ಜವಾಬು ಮಾಡುವುದು ಸ್ಪಷ್ಟವಾಗಿ ಕೇಳಿಸುತ್ತದೆ. ಇನ್ನು ಅದರ ಎರಡನೇ ಭಾಗ. 1813ರಲ್ಲಿ ಮೊದಲ ಸಲ ನುಡಿಸಿದ ದಿನವೇ ಜನ ಮತ್ತೊಮ್ಮೆ ನುಡಿಸಿ ಅಂದರಂತೆ, ಆ ಭಾಗ. ಅದರ ಕೊನೆಗೆ ಸಾಮಾನ್ಯವಾಗಿ ಪಿಟೀಲುಗಳು ಕಮಾನು ಎಳೆದು ಮುಗಿಸುತ್ತವೆ, ಕ್ಲೈಬರ್ ಆದರೆ ತಂತಿಯನ್ನು ಬೆರಳಲ್ಲಿ ಮೀಟಿಸಿ ನಿಲ್ಲಿಸುತ್ತಾರೆ. ಅಷ್ಟು ಚಿಕ್ಕ ವಿಷಯ, ಆದರೆ ಒಮ್ಮೆ ಕೇಳಿದರೆ ಬೇರೆಯವರದ್ದು ಕೇಳುವಾಗಲೂ ಕಿವಿ ಅಲ್ಲೇ ಕಾಯುತ್ತಿರುತ್ತದೆ.

ಆರಕ್ಕೆ ಕಾರ್ಲ್ ಬೋಮ್, 1971, ಅದೂ ವಿಯೆನ್ನಾ ಫಿಲ್ಹಾರ್ಮೋನಿಕ್. ಆರಾಮಾಗಿ ನಡೆಯುತ್ತದೆ, ಬಿರುಗಾಳಿ ಬಂದಾಗ ನಿಜಕ್ಕೂ ಹೆದರಿಕೆ ಆಗುತ್ತದೆ.

ಪ್ರಶ್ನೆ: ಒಂಬತ್ತನೆಯದನ್ನು ಫುರ್ಟ್‌ವೆಂಗ್ಲರ್ ಅವರದ್ದು ಕೇಳಿದೆ, ಆಮೇಲೆ ಗಾರ್ಡಿನರ್ ಅವರದ್ದು. ಎರಡೂ ಒಂದೇ ಕೃತಿ ಅಂತ ನಂಬಲು ಆಗಲಿಲ್ಲ! ಯಾವುದು ಸರಿ?
- ಓದುಗರು, ಶಿವಮೊಗ್ಗ

ಉತ್ತರ: ಗಾರ್ಡಿನರ್ ಹತ್ತಿರ ಕಾಗದದ ಆಧಾರ ಇದೆ. ಸಂಗೀತದ ವೇಗ ತೋರಿಸುವ ಯಂತ್ರ ಮೆಟ್ರೊನೋಮ್ ಬಂದ ಮೇಲೆ ಬೀಥೋವನ್ ಒಂಬತ್ತನೆಯದೂ ಸೇರಿ ತಮ್ಮ ಸಿಂಫನಿಗಳಿಗೆ ತಾವೇ ವೇಗದ ಅಂಕಿ ಕೊಟ್ಟರು, ಮೊದಲ ಎಂಟರದ್ದು 1817ರಲ್ಲೇ ಅಚ್ಚಾಯಿತು. ಗಾರ್ಡಿನರ್ ಹಳೆಯ ಕಾಲದ ವಾದ್ಯ ಇಟ್ಟುಕೊಂಡು ಆ ಅಂಕಿಗಳ ಹತ್ತಿರ ಹೋಗುತ್ತಾರೆ. ಫುರ್ಟ್‌ವೆಂಗ್ಲರ್ 1951ರ ಜುಲೈ 29ರಂದು ಜರ್ಮನಿಯ ಬೈರಾಯ್ಟ್‌ನಲ್ಲಿ ನುಡಿಸಿದ್ದು ಬೇರೆಯೇ ಲೋಕ. ಎರಡನೇ ಮಹಾಯುದ್ಧದ ನಂತರ ಅಲ್ಲಿನ ಸಂಗೀತೋತ್ಸವ ಮತ್ತೆ ಶುರುವಾದ ದಿನ ಅದು. ಮೂರನೇ ಭಾಗ ಎಷ್ಟು ನಿಧಾನ ಅಂದರೆ ಉಸಿರು ಹಿಡಿದು ಕೂರಬೇಕು, ಕೊನೆಯ ಸಾಲುಗಳಲ್ಲಿ ವಾದ್ಯದವರಿಗೆ ಹಿಡಿಯಲಾರದಷ್ಟು ಓಟ. ಅಂಕಿ ನೋಡಿದರೆ ಗಾರ್ಡಿನರ್ ಸರಿ. ಆದರೆ ಮನೆಗೆ ಬೆಂಕಿ ಬಿದ್ದು ಒಂದನ್ನೇ ಎತ್ತಿಕೊಂಡು ಓಡಬೇಕಾದರೆ ನಾನು ಎತ್ತಿಕೊಳ್ಳುವುದು ಬೈರಾಯ್ಟಿನದನ್ನೇ.

ಪ್ರಶ್ನೆ: ಲಂಡನ್ನಿನ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾಕ್ಕೆ ನಮ್ಮ ಮೈಸೂರು ಮಹಾರಾಜರು ಹಣ ಕೊಟ್ಟಿದ್ದರಂತೆ, ನಿಜವೇ?
- ಓದುಗರು, ಮೈಸೂರು

ಉತ್ತರ: ನಿಜ. 1945ರಲ್ಲಿ ರೆಕಾರ್ಡ್ ನಿರ್ಮಾಪಕ ವಾಲ್ಟರ್ ಲೆಗ್ ಕಟ್ಟಿದ ಆರ್ಕೆಸ್ಟ್ರಾ ಅದು. ಜಯಚಾಮರಾಜ ಒಡೆಯರ್ ಅದರ ಕಛೇರಿಗಳಿಗೆ ನೆರವಾದರು, ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಆದರು. 1949ರಲ್ಲಿ ಕಾರಾಯಾನ್ ಈ ಆರ್ಕೆಸ್ಟ್ರಾದಿಂದ ರಷ್ಯಾದ ಸಂಗೀತಗಾರ ಬಾಲಾಕಿರೆವ್ ಅವರ ಮೊದಲ ಸಿಂಫನಿ ರೆಕಾರ್ಡ್ ಮಾಡಿಸಿದ್ದಕ್ಕೂ ಮಹಾರಾಜರ ಬೆಂಬಲ ಇತ್ತು. ಮುಂದೆ ಇದೇ ಆರ್ಕೆಸ್ಟ್ರಾ ನಿರ್ದೇಶಕ ಕ್ಲೆಂಪರರ್ ಕೈಯಲ್ಲಿ ಬೀಥೋವನ್ನನ್ನು ನುಡಿಸಿತು. ಮೂರನೆಯದಕ್ಕೆ, ಅಂದರೆ ಎರೋಯಿಕಾಕ್ಕೆ, ನನ್ನ ಆಯ್ಕೆ ಅವರದ್ದೇ. 1955ರ ಮೋನೋ, ಅಂದರೆ ಸ್ಟೀರಿಯೊ ಅಲ್ಲದ ರೆಕಾರ್ಡಿಂಗ್ ಕೇಳಿ. ಶವಯಾತ್ರೆಯ ಭಾಗವನ್ನು ರಾತ್ರಿ, ದೀಪ ಆರಿಸಿ ಕೇಳಿ.