ಚೂರು ಬಟ್ಟೆಯ ಉಬ್ಬು ಕೌದಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಮನೆಯಲ್ಲೇ ರವಿಕೆ, ಚೂಡಿದಾರ್ ಹೊಲಿಯುತ್ತೇನೆ. ಕತ್ತರಿಸಿ ಉಳಿದ ಟು ಬೈ ಟು, ಪಾಪ್ಲಿನ್ ಮತ್ತು ಲೈನಿಂಗ್ ಚೂರುಗಳು ಎರಡು ಚೀಲ ತುಂಬಿವೆ. ಪುಟ್ಟ ದಿಂಬುಗಳನ್ನು ಸಾಲಾಗಿ ಜೋಡಿಸಿದಂತೆ ಕಾಣುವ ಉಬ್ಬು ಕೌದಿ, ಅಂದರೆ ಪಫ್ ಕ್ವಿಲ್ಟ್, ಮಾಡಲು ಹೊರಟಿದ್ದೇನೆ. ಆದರೆ ಚೌಕಗಳನ್ನು ಜೋಡಿಸಿದಾಗ ಸಾಲು ಸೊಟ್ಟಗಾಗುತ್ತದೆ. ಕೆಲವು ಚೌಕಗಳು ಬಿಗಿದುಕೊಂಡಿವೆ, ಕೆಲವು ಚಪ್ಪಟೆಯಾಗಿವೆ. ಎಲ್ಲಿ ತಪ್ಪುತ್ತಿದೆ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಸಾಲು ಸೊಟ್ಟಗಾದರೆ ಹೆಚ್ಚಿನವರು ಕಾರಣವನ್ನು ಮೇಲಿನ ಬಣ್ಣದ ಬಟ್ಟೆಯಲ್ಲಿ ಹುಡುಕುತ್ತಾರೆ, ಆದರೆ ದೋಷ ಸಾಮಾನ್ಯವಾಗಿ ಅಡಿಯ ಬಟ್ಟೆಯಲ್ಲಿರುತ್ತದೆ. ಉಬ್ಬು ಕೌದಿಯ ಪ್ರತಿ ಚೌಕವೂ ಎರಡು ತುಂಡುಗಳಿಂದ ಆದದ್ದು. ಮೇಲಿನ ತುಂಡು ದೊಡ್ಡದು, ಅಡಿಯದು ಚಿಕ್ಕದು. ದೊಡ್ಡದನ್ನು ನೆರಿಗೆ ಹಿಡಿದು ಚಿಕ್ಕದರ ಅಳತೆಗೆ ತಂದಾಗ ನಡುವೆ ಉಳಿಯುವ ಸಡಿಲವೇ ಒಳಗೆ ತುಂಬುವ ಹತ್ತಿಗೆ ಜಾಗ ಕೊಡುತ್ತದೆ. ಹೀಗಾಗಿ ಕೌದಿಯ ಉದ್ದ, ಅಗಲ, ಮೂಲೆಗಳ ನೇರ, ಎಳೆದಾಗ ತಡೆಯುವ ಶಕ್ತಿ ಇವೆಲ್ಲವೂ ಹೊರಗೆ ಕಾಣದ ಆ ಅಡಿಯ ಚೌಕವನ್ನೇ ಅವಲಂಬಿಸಿವೆ.

ರವಿಕೆ ಕತ್ತರಿಸಿ ಉಳಿದ ಚೂರುಗಳಲ್ಲಿ ಒಂದು ತೊಡಕಿದೆ. ತೋಳು, ಕಂಕುಳ, ಕುತ್ತಿಗೆಯ ಸುತ್ತ ಉಳಿಯುವ ತುಂಡುಗಳ ಆಕಾರ ಅಡ್ಡಾದಿಡ್ಡಿಯಾಗಿರುವುದರಿಂದ, ಬಟ್ಟೆ ವ್ಯರ್ಥವಾಗಬಾರದೆಂದು ನಾವು ಚೌಕವನ್ನು ಓರೆಯಾಗಿ ಇಟ್ಟು ಕತ್ತರಿಸಿಬಿಡುತ್ತೇವೆ. ಕ್ರಾಸ್ ಕತ್ತರಿಸಿದ ಬಟ್ಟೆ ಹೊಲಿಯುವಾಗ ಹಿಗ್ಗುತ್ತದೆ ಎಂಬುದು ಹೊಲಿಗೆ ಬಲ್ಲ ನಿಮಗೆ ತಿಳಿದೇ ಇದೆ. ಮೇಲಿನ ತುಂಡು ಓರೆಯಾಗಿದ್ದರೆ ನೆರಿಗೆ ಅದನ್ನು ಮುಚ್ಚಿಕೊಳ್ಳುತ್ತದೆ, ಹೆಚ್ಚು ಹಾನಿಯಿಲ್ಲ. ಅಡಿಯ ತುಂಡು ಮಾತ್ರ ನೂಲಿನ ನೇರಕ್ಕೇ ಇರಬೇಕು. ಆದ್ದರಿಂದ ಅಡಿಗೆ ಚೂರುಗಳನ್ನು ಬಳಸದೆ, ಒಗೆದು ಇಸ್ತ್ರಿ ಮಾಡಿದ ಒಂದೇ ಬಗೆಯ ಕಾಟನ್ ಲೈನಿಂಗ್ ಬಟ್ಟೆಯನ್ನೋ, ಸವೆಯದ ಬಿಳಿ ಪಂಚೆಯನ್ನೋ ತೆಗೆದುಕೊಂಡು, ಗಟ್ಟಿ ರಟ್ಟಿನ ಅಚ್ಚಿಟ್ಟು ಎಲ್ಲ ಚೌಕಗಳನ್ನೂ ಒಟ್ಟಿಗೆ ಕತ್ತರಿಸಿಕೊಳ್ಳಿ. ಇಷ್ಟನ್ನು ಸರಿಪಡಿಸಿದರೆ ನಿಮ್ಮ ತೊಂದರೆಯ ಮುಕ್ಕಾಲು ಪಾಲು ಕಳೆಯುತ್ತದೆ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಅಳತೆಗೆ ಬಂದರೆ, ಅಡಿಯ ಚೌಕ 4.5 ಇಂಚು, ಮೇಲಿನದು 5.5 ಇಂಚು ಇಟ್ಟುಕೊಳ್ಳುವುದು ಮೊದಲ ಕೌದಿಗೆ ಅನುಕೂಲ. ನಾಲ್ಕು ಮೂಲೆಗಳನ್ನು ಮೂಲೆಗೆ ಮೂಲೆ ಹೊಂದಿಸಿ ಗುಂಡುಪಿನ್ನು ಚುಚ್ಚಿದರೆ ಪ್ರತಿ ಬದಿಯಲ್ಲೂ ಒಂದು ಇಂಚು ಬಟ್ಟೆ ಹೆಚ್ಚಾಗಿ ನಿಲ್ಲುತ್ತದೆ. ಅದನ್ನು ಬದಿಯ ನಡುವೆ ಒಂದೇ ನೆರಿಗೆಯಾಗಿ ಮಡಿಸಿ ಪಿನ್ನು ಹಾಕಬೇಕು. ಈ ನೆರಿಗೆಗಳೆಲ್ಲ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ಬಾಗಿರಲಿ. ಹಾಗೆ ಮಾಡಿದಾಗ ಎರಡು ಚೌಕಗಳು ಕೂಡುವ ಕಡೆ ಒಂದರ ನೆರಿಗೆ ಒಂದು ಕಡೆಗೂ ಇನ್ನೊಂದರದು ಎದುರು ಕಡೆಗೂ ಬಾಗಿರುತ್ತದೆ; ಬಟ್ಟೆ ಒಂದೇ ಬದಿಯಲ್ಲಿ ಒಟ್ಟಾಗುವುದಿಲ್ಲ, ಸೂಜಿಯೂ ಸಲೀಸಾಗಿ ಹಾಯುತ್ತದೆ. ಮೂರು ಬದಿಗಳನ್ನು ಅಂಚಿನಿಂದ ಕಾಲಿಂಚಿನ ಅರ್ಧದಷ್ಟೇ ಒಳಗೆ ಉದ್ದ ಟಾಕಿನಲ್ಲಿ ಹೊಲಿದು, ಹತ್ತಿ ತುಂಬಿ, ನಾಲ್ಕನೆಯ ಬದಿಯನ್ನು ಮುಚ್ಚಿ. ಮುಂದೆ ಚೌಕಕ್ಕೆ ಚೌಕ ಜೋಡಿಸುವ ಹೊಲಿಗೆ ಅಂಚಿನಿಂದ ಕಾಲು ಇಂಚು ಒಳಗೆ ಬರುವುದರಿಂದ ಮೊದಲಿನ ಕಚ್ಚಾ ಹೊಲಿಗೆ ಅದರೊಳಗೆ ಮರೆಯಾಗುತ್ತದೆ. ಮುಗಿದ ಚೌಕ ಸರಿಯಾಗಿ 4 ಇಂಚು ಬರುತ್ತದೆ.

ಕೆಲವು ಚೌಕಗಳು ಬಿಗಿದುಕೊಂಡಿರುವುದು ಹತ್ತಿ ಅತಿಯಾದದ್ದರಿಂದ. ಒಳಗಿನ ಒತ್ತಡ ಅಡಿಯ ಬಟ್ಟೆಯನ್ನು ಎಳೆದು ಚೌಕವನ್ನು ಕುಗ್ಗಿಸುತ್ತದೆ; ಪಕ್ಕದ ಚೌಕ ಹಾಗೆ ಕುಗ್ಗದೆ ಇದ್ದರೆ ಸಾಲು ಬಾಗದೆ ಬೇರೆ ದಾರಿಯಿಲ್ಲ. ಕೈಯಳತೆಯನ್ನು ನಂಬಬೇಡಿ. ಈ ಅಳತೆಯ ಚೌಕಕ್ಕೆ ಏಳೆಂಟು ಗ್ರಾಂ ಫೈಬರ್ ಹತ್ತಿ, ಅಂದರೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ಎಳೆ, ಸಾಮಾನ್ಯವಾಗಿ ಸಾಕು. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಎರಡು ಚೌಕ ಮಾಡಿ, ಅಂಗೈಯಿಂದ ಒತ್ತಿ ನೋಡಿ. ಒತ್ತಿದಾಗ ಚಪ್ಪಟೆಯಾಗಿ, ಕೈ ತೆಗೆದೊಡನೆ ನಿಧಾನವಾಗಿ ಮೇಲೇಳುವ ಅಳತೆಯೇ ಸರಿಯಾದದ್ದು. ಆಮೇಲೆ ಎಲ್ಲ ಚೌಕಗಳಿಗೂ ಅಷ್ಟಷ್ಟೇ ಹತ್ತಿಯನ್ನು ಮೊದಲೇ ತೂಗಿ ಗುಡ್ಡೆ ಮಾಡಿಟ್ಟುಕೊಂಡು ಕೆಲಸಕ್ಕೆ ಕುಳಿತುಕೊಳ್ಳಿ.

ಜೋಡಿಸುವಾಗ 14 ಅಥವಾ 16 ನಂಬರ್ ಸೂಜಿ ಹಾಕಿ, ಟಾಕನ್ನು 3 ಮಿಲಿಮೀಟರ್‌ಗೆ ಇಟ್ಟು, ಪ್ರೆಸರ್ ಫೂಟಿನ ಕೆಳಗೆ ಬರುವ ಹತ್ತಿಯನ್ನು ಬೆರಳಿನಿಂದ ಒಳಕ್ಕೆ ಸರಿಸುತ್ತ ನಿಧಾನವಾಗಿ ತುಳಿಯಿರಿ. ಮೊದಲು ಅಡ್ಡ ಸಾಲುಗಳು, ಆಮೇಲೆ ಸಾಲಿಗೆ ಸಾಲು. ಒಂದು ಸಾಲಿನ ಹಿಂಬದಿಯ ಅಂಚುಗಳನ್ನು ಎಡಕ್ಕೂ ಮುಂದಿನ ಸಾಲಿನದನ್ನು ಬಲಕ್ಕೂ ಮಡಿಸಿದರೆ ಮೂಲೆಗಳು ಸರಿಯಾಗಿ ಕೂಡುತ್ತವೆ. ಕೊನೆಗೆ ಹಿಂಬದಿಯ ಬಟ್ಟೆಯನ್ನು ಒಳಮೈ ಹೊರಗೆ ಬರುವಂತೆ ಮೇಲಿಟ್ಟು, ಒಂದು ಬದಿಯಲ್ಲಿ ಮೊಳದುದ್ದ ಬಿಟ್ಟು ಸುತ್ತ ಹೊಲಿದು, ಆ ಬಾಯಿಯಿಂದ ಮಗುಚಿ, ಬಾಯಿಯನ್ನು ಕೈಹೊಲಿಗೆಯಿಂದ ಮುಚ್ಚಿ. ಆಮೇಲೆ ನಾಲ್ಕು ಚೌಕಗಳು ಕೂಡುವ ಮೂಲೆಗಳಲ್ಲಿ, ಒಂದು ಬಿಟ್ಟು ಒಂದರಂತೆಯಾದರೂ, ಗಟ್ಟಿ ಕಸೂತಿ ದಾರವನ್ನು ಹಿಂಬದಿಯವರೆಗೆ ಹಾಯಿಸಿ ಗಂಟು ಹಾಕಬೇಕು. ಈ ಗಂಟುಗಳಿಲ್ಲದಿದ್ದರೆ ಹಿಂಬದಿಯ ಬಟ್ಟೆ ಕೌದಿಯಿಂದ ಬೇರೆಯಾಗಿ ಜೋತು ಬೀಳುತ್ತದೆ.

ಮೊದಲ ಬಾರಿಗೆ ಅಗಲಕ್ಕೆ 9, ಉದ್ದಕ್ಕೆ 11, ಒಟ್ಟು 99 ಚೌಕಗಳ ಕೌದಿ ಮಾಡಿ. ಅದು 36 ಇಂಚು ಅಗಲ, 44 ಇಂಚು ಉದ್ದ ಬರುತ್ತದೆ. 44 ಇಂಚು ಪನ್ನದ ಒಂದೂವರೆ ಮೀಟರ್ ಬಟ್ಟೆಯಲ್ಲಿ ಅಡಿಯ ಚೌಕಗಳೆಲ್ಲ ಆಗುತ್ತವೆ. ಒಬ್ಬರು ಹೊದೆಯುವ 60ಕ್ಕೆ 88 ಇಂಚಿನ ಕೌದಿಗೆ 330 ಚೌಕಗಳು ಬೇಕು ಎಂಬುದನ್ನು ಈಗಲೇ ತಿಳಿದುಕೊಂಡಿದ್ದರೆ ಅರ್ಧಕ್ಕೆ ಬಿಡುವ ಪ್ರಸಂಗ ಬರುವುದಿಲ್ಲ.

ಪ್ರಶ್ನೆ: ತೀರಿಕೊಂಡ ನಮ್ಮ ಅಜ್ಜಿಯ ನಾಲ್ಕು ಇಳಕಲ್ ಸೀರೆಗಳು ಮತ್ತು ಗುಳೇದಗುಡ್ಡದ ಖಣದ ಕುಪ್ಪಸಗಳು ನಮ್ಮಲ್ಲಿವೆ. ಅವುಗಳನ್ನು ಕತ್ತರಿಸಿ ಉಬ್ಬು ಕೌದಿ ಮಾಡಿ ಮೊಮ್ಮಕ್ಕಳಿಗೆಲ್ಲ ಒಂದೊಂದು ಕೊಡಬೇಕೆಂಬ ಆಸೆ. ಮಾಡಬಹುದೇ?
– ಓದುಗರೊಬ್ಬರು, ಬಾಗಲಕೋಟೆ

ಉತ್ತರ: ಕತ್ತರಿ ಹಾಕುವ ಮೊದಲು ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ ಎಂದು ಕೇಳಿಕೊಳ್ಳುತ್ತೇನೆ. ನೂಲು ತೆಳುವಾಗಿ ಬೆಳಕು ಹಾಯುವ ಕಡೆಗಳನ್ನು ಎರಡು ಹೆಬ್ಬೆರಳುಗಳಿಂದ ಮೆಲ್ಲನೆ ಎಳೆಯಿರಿ. ಎಳೆಗಳು ಸರಿದು ಬೇರೆಯಾದರೆ ಆ ಭಾಗ ಉಬ್ಬು ಕೌದಿಗೆ ಬಾರದು. ಒಳಗಿನ ಹತ್ತಿ ಮೇಲಿನ ಬಟ್ಟೆಯನ್ನು ಸದಾ ಹೊರಕ್ಕೆ ಒತ್ತುತ್ತಿರುತ್ತದೆ, ಹೀಗಾಗಿ ಸವೆದ ಬಟ್ಟೆ ಎರಡು ಒಗೆತಕ್ಕೇ ನೆರಿಗೆಯ ಬುಡದಲ್ಲಿ ಹರಿಯುತ್ತದೆ, ಹರಿದ ಒಂದು ಚೌಕವನ್ನು ಬಿಚ್ಚಿ ಬದಲಿಸುವುದು ಬಹಳ ಕಷ್ಟ.

ಸವೆದ ಸೀರೆಗೆ ನಿಮ್ಮ ಭಾಗದ ಕೌದಿಯೇ ಸರಿಯಾದ ಜಾಗ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಕೂಡಿಸಿ, ಅಂಚಿನಿಂದ ಒಳಮುಖವಾಗಿ ಸಣ್ಣ ಸಣ್ಣ ಟಾಕು ಹಾಕುತ್ತ ಬಂದಾಗ ಯಾವ ಒಂದು ಪದರದ ಮೇಲೂ ಪೂರ್ತಿ ಭಾರ ಬೀಳುವುದಿಲ್ಲ; ಒಂದು ಕಡೆ ಜೀರ್ಣವಾದರೂ ಅಕ್ಕಪಕ್ಕದ ಟಾಕುಗಳು ಹಿಡಿದಿಟ್ಟುಕೊಳ್ಳುತ್ತವೆ. ಗೊಂದಳಿ ಸಮುದಾಯದ ಹೆಂಗಸರು ಊರೂರಿಗೆ ಬಂದು ಕೌದಿ ಹೊಲಿದು ಕೊಡುವ ರೂಢಿ ಉತ್ತರ ಕರ್ನಾಟಕದಲ್ಲಿ ಹಿಂದಿನಿಂದ ನಡೆದುಬಂದಿದೆ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರು ಮೂಲೆಯಿಂದ ಆರಂಭಿಸಿ ಸುತ್ತುತ್ತ ನಡುವಿನವರೆಗೆ ಹೊಲಿಯುತ್ತಾರೆ, ನಾಲ್ಕು ಮೂಲೆಗಳಿಗೂ ಬಟ್ಟೆ ಮಡಿಸಿದ ಹೂ ಇಡದೆ ಕೌದಿ ಮುಗಿಯಿತೆನ್ನುವುದಿಲ್ಲ. ಸವೆದ ಬಟ್ಟೆಯನ್ನು ಮತ್ತೆ ದಶಕಗಳ ಕಾಲ ದುಡಿಸಿಕೊಳ್ಳುವ ಈ ವಿದ್ಯೆಯ ಮುಂದೆ, ಗಟ್ಟಿ ಹೊಸ ಚೂರುಗಳನ್ನೇ ಬೇಡುವ ಉಬ್ಬು ಕೌದಿ ಬೇರೆಯೇ ಬಗೆಯದು. ಒಂದರ ಬದಲು ಇನ್ನೊಂದನ್ನು ಮಾಡಲು ಹೋಗಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸೀರೆಯಲ್ಲಿ ಗಟ್ಟಿಯಾಗಿ ಉಳಿದ ಭಾಗಗಳೂ ಇರುತ್ತವೆ: ಒಳಸುತ್ತಿನಲ್ಲಿರುವ ಬಟ್ಟೆ, ಕೆಲವೊಮ್ಮೆ ಸೆರಗು. ಸಾಂಪ್ರದಾಯಿಕ ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದುದ್ದದ ನೂಲು, ಹತ್ತಿಯದು, ಸೆರಗಿನದು ರೇಷ್ಮೆಯದು. ಎರಡನ್ನೂ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಕೊಂಡಿಯ ಸಾಲು ಚೌಕದೊಳಗೆ ಬರದಂತೆ ಕತ್ತರಿಸಿ, ಒಡಲನ್ನೂ ಸೆರಗನ್ನೂ ಬೇರೆ ಬೇರೆ ಗುಡ್ಡೆ ಮಾಡಿಕೊಳ್ಳಿ. ಈಚಿನ ಸೀರೆಗಳಲ್ಲಿ ಕೃತಕ ನೂಲು ಸೇರಿರಬಹುದಾದ್ದರಿಂದ ನಾಲ್ಕೆಳೆ ಬಿಡಿಸಿ, ಇಕ್ಕಳದಲ್ಲಿ ಹಿಡಿದು, ನೀರಿನ ತೊಟ್ಟಿಯ ಪಕ್ಕದಲ್ಲಿ ಸುಟ್ಟು ನೋಡಿ: ಹತ್ತಿ ಕಾಗದದ ವಾಸನೆ ಬಿಟ್ಟು ಮೆತ್ತನೆಯ ಬೂದಿಯಾಗುತ್ತದೆ, ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಇಂಗ್ಲೆಂಡ್, ಅಮೆರಿಕಗಳಲ್ಲಿ 19ನೆಯ ಶತಮಾನದಲ್ಲಿ ಉಬ್ಬು ಕೌದಿಗಳನ್ನು ರೇಷ್ಮೆ, ಮಖಮಲ್ಲಿನ ಚೂರುಗಳಿಂದಲೇ ಮಾಡುತ್ತಿದ್ದರು, ಆದರೆ ಅವು ಹೆಚ್ಚಾಗಿ ನಡುಮನೆಯ ಅಲಂಕಾರಕ್ಕೆ ಇದ್ದಂಥವು. ದಿನವೂ ಹೊದ್ದು ಒಗೆಯುವ ಕೌದಿಗೆ ರೇಷ್ಮೆ ಬೇಡ.

ಖಣ ಗಟ್ಟಿ ಬಟ್ಟೆ, ಆದರೆ ಅಂಚು ಬೇಗ ಬಿಚ್ಚಿಕೊಳ್ಳುತ್ತದೆ. ಅದರ ಚೌಕಗಳನ್ನು ಮಾತ್ರ ಎಲ್ಲ ಕಡೆ ಕಾಲು ಇಂಚು ದೊಡ್ಡದಾಗಿ ಕತ್ತರಿಸಿ, ಅಂಚಿಗೆ ಓವರ್‌ಲಾಕ್ ಮಾಡಿಸಿ, ಆ ಹೆಚ್ಚಿನ ಬಟ್ಟೆಯನ್ನು ನೆರಿಗೆಯಲ್ಲಿ ಸೇರಿಸಿಕೊಳ್ಳಿ. ಮೊಮ್ಮಕ್ಕಳಿಗೆ ಕೊಡಲು ನನ್ನ ಸಲಹೆ ಇಷ್ಟು: ಸೀರೆಗಳಿಂದ ಸಾಂಪ್ರದಾಯಿಕ ಕೌದಿ ಹೊಲಿಸಿ, ಖಣದ ಗಟ್ಟಿ ತುಂಡುಗಳಿಂದ ಒಂದೊಂದು ಉಬ್ಬು ದಿಂಬಿನ ಚೀಲ ಮಾಡಿ.

ಪ್ರಶ್ನೆ: ಒಳಗೆ ತುಂಬಲು ಗಾದಿಯ ಹತ್ತಿ, ಬೂರುಗದ ಹತ್ತಿ, ಬಟ್ಟೆಯ ಸಣ್ಣ ಚಿಂದಿ, ಅಂಗಡಿಯ ಫೈಬರ್ ಇವುಗಳಲ್ಲಿ ಯಾವುದು ಒಳ್ಳೆಯದು? ಪ್ಲಾಸ್ಟಿಕ್ ಬಳಸಲು ಮನಸ್ಸಿಲ್ಲ.
– ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ಮನಸ್ಸು ನನಗೆ ಅರ್ಥವಾಗುತ್ತದೆ, ಆದರೂ ಒಗೆಯಬೇಕಾದ ಕೌದಿಗೆ ನಾನು ಪಾಲಿಯೆಸ್ಟರ್ ಫೈಬರನ್ನೇ ಸೂಚಿಸುತ್ತೇನೆ. ಹಿಂಜಿದ ಅರಳೆ ನೀರು ಬಿದ್ದೊಡನೆ ಮುದ್ದೆಗಟ್ಟುತ್ತದೆ. ಗಾದಿಯಾದರೆ ಕೆಲವು ವರ್ಷಗಳಿಗೊಮ್ಮೆ ಪಿಂಜಾರರಿಗೆ ಕೊಟ್ಟು, ಬಿಚ್ಚಿಸಿ, ಹತ್ತಿಯನ್ನು ಮತ್ತೆ ಹಿಂಜಿಸಿ ತುಂಬಿಸಬಹುದು. ನಾಲ್ಕೂ ಬದಿ ಹೊಲಿದ ನೂರಾರು ಪುಟ್ಟ ಚೌಕಗಳಿಗೆ ಆ ಉಪಾಯವಿಲ್ಲ. ಬೂರುಗದ ಹತ್ತಿ ಹಗುರ, ನೀರನ್ನೂ ಬೇಗ ಹೀರುವುದಿಲ್ಲ, ಆದರೆ ಅದರ ನುಣುಪಾದ ಎಳೆಗಳು ತೆಳು ಬಟ್ಟೆಯ ಸಂದುಗಳಿಂದ ಹೊರಬರುತ್ತವೆ, ಕಾಲಕ್ರಮದಲ್ಲಿ ಪುಡಿಯಾಗುತ್ತವೆ. ಧೂಳಿನಿಂದ ಸೀನು, ಉಬ್ಬಸ ಇರುವವರ ಮನೆಗೆ ಅದು ತರವಲ್ಲ. ಚಿಂದಿ ತುಂಬಿದ ಚೌಕ ಭಾರವಾಗಿ ಗಂಟುಗಂಟಾಗಿರುತ್ತದೆ. ಅದನ್ನು ಕೂರುವ ಮಣೆಯ ಮೇಲೆ ಹಾಸುವ ಮೆತ್ತೆಗೆ ಬಳಸಿದರೆ ಚೆನ್ನಾಗಿ ಬಾಳುತ್ತದೆ.

ಹೊಸ ಪ್ಲಾಸ್ಟಿಕ್ ಕೊಳ್ಳಲು ಮನಸ್ಸಿಲ್ಲದಿದ್ದರೆ ಹಳೆಯ ಫೈಬರ್ ದಿಂಬನ್ನು ಬಿಚ್ಚಿ, ಒಗೆದು, ಬಿಸಿಲಿಗೆ ಒಣಗಿಸಿ, ಬೆರಳಿನಿಂದ ಬಿಡಿಸಿ ಬಳಸಿ. ಹೊಸದನ್ನು ಕೊಂಡಂತಾಗುವುದಿಲ್ಲ, ಮನೆಯಲ್ಲಿ ಇರುವುದು ಕಸಕ್ಕೂ ಹೋಗುವುದಿಲ್ಲ.

ಪ್ರಶ್ನೆ: ಮಗಳ ಸೀಮಂತಕ್ಕೆ ಉಬ್ಬು ಕೌದಿ ಮಾಡುತ್ತಿದ್ದೇನೆ. ಹುಟ್ಟುವ ಮಗುವಿಗೆ ಹೊದಿಸಬಹುದೇ?
– ಓದುಗರೊಬ್ಬರು, ಪುಣೆ

ಉತ್ತರ: ಮಗುವಿಗೆ ಒಂದು ವರ್ಷ ತುಂಬುವವರೆಗೆ ಮಲಗುವ ಜಾಗದಲ್ಲಿ ದಿಂಬು, ರಜಾಯಿ, ಮೆತ್ತನೆಯ ಹೊದಿಕೆಗಳು ಇರಬಾರದೆಂದು ಮಕ್ಕಳ ತಜ್ಞರು ಹೇಳುತ್ತಾರೆ, ಏಕೆಂದರೆ ಮುಖದ ಮೇಲೆ ಬಿದ್ದರೆ ಮಗುವಿಗೆ ಸರಿಸಿಕೊಳ್ಳಲು ಬರುವುದಿಲ್ಲ. ಉಬ್ಬು ಕೌದಿ ಮೆತ್ತಗೂ ದಪ್ಪಗೂ ಇರುವುದರಿಂದ ಅದನ್ನು ಹೊದಿಸುವುದೂ ಬೇಡ, ಅದರ ಮೇಲೆ ಮಲಗಿಸುವುದೂ ಬೇಡ. ಮಗು ಎಚ್ಚರವಿದ್ದಾಗ, ದೊಡ್ಡವರು ಪಕ್ಕದಲ್ಲೇ ಕುಳಿತಿರುವಾಗ ಆಡಲು ನೆಲಕ್ಕೆ ಹಾಸಿ. ಗುಂಡಿ, ಮಣಿ, ಕುಚ್ಚುಗಳನ್ನು ಹಾಕಬೇಡಿ. ಮೂಲೆಯ ಗಂಟುಗಳ ದಾರದ ತುದಿಗಳನ್ನು ಹಿಂಬದಿಗೆ ತೆಗೆದು ಗಿಡ್ಡವಾಗಿ ಕತ್ತರಿಸಿ.

ಪ್ರಶ್ನೆ: ನಮ್ಮದು ಮಲೆನಾಡು. ಜೂನ್‌ನಿಂದ ಬಟ್ಟೆ ಒಣಗುವುದೇ ಕಷ್ಟ. ಇಷ್ಟು ದಪ್ಪದ ಕೌದಿಯನ್ನು ಒಗೆಯುವುದು, ಇಡುವುದು ಹೇಗೆ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಒಗೆತದ ಯೋಚನೆ ಹೊಲಿಗೆಗಿಂತ ಮೊದಲೇ ಬರಬೇಕು. 330 ಚೌಕಗಳ ಕೌದಿಯಲ್ಲಿ ಹತ್ತಿಯೇ ಸುಮಾರು ಎರಡೂವರೆ ಕಿಲೋ ಆಗುತ್ತದೆ, ಬಟ್ಟೆ ಸೇರಿದರೆ ಒಟ್ಟು ನಾಲ್ಕು ಕಿಲೋದ ಆಸುಪಾಸು. ನೆನೆದ ಮೇಲೆ ಅದನ್ನು ಒಬ್ಬರೇ ಬಾವಿಕಟ್ಟೆಯಿಂದ ಎತ್ತಿ ತಂತಿಗೆ ಹಾಕುವುದು ಸುಲಭವಲ್ಲ. ಆರು ಕಿಲೋದ ವಾಷಿಂಗ್ ಮಿಷನ್‌ನಲ್ಲಿ ತೂಕದ ಲೆಕ್ಕಕ್ಕೆ ಹಿಡಿಸಿದಂತೆ ಕಂಡರೂ ಗಾತ್ರಕ್ಕೆ ಹಿಡಿಸುವುದಿಲ್ಲ, ತಿರುಗಲು ಜಾಗವಿಲ್ಲದೆ ಜೋಡಣೆಯ ಹೊಲಿಗೆಗಳು ಬಿಡುತ್ತವೆ. ನಿಮ್ಮ ಊರಿನ ಹವೆಗೆ ಮೊದಲು ಹೇಳಿದ 99 ಚೌಕಗಳ ಅಳತೆಯೇ ಹೊಂದುತ್ತದೆ. ದೊಡ್ಡದೇ ಬೇಕೆಂದರೆ ಎರಡು ಭಾಗಗಳಾಗಿ ಮಾಡಿ, ನಡುವೆ ಕಟ್ಟುದಾರಗಳಿಂದ ಕೂಡಿಸಿಕೊಳ್ಳಬಹುದು.

ಬಣ್ಣದ ಪರೀಕ್ಷೆಯನ್ನು ಚೌಕ ಕತ್ತರಿಸುವ ಮೊದಲೇ ಮಾಡಿ. ಕಡುಗೆಂಪು, ಗಾಢ ನೀಲಿ ಚೂರುಗಳನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ನಡುವೆ ಅರ್ಧ ಗಂಟೆ ಒತ್ತಿಡಿ. ಕಲೆ ಬಿದ್ದರೆ ಬೇರೆಯಾಗಿ ಒಗೆದು ಮತ್ತೆ ನೋಡಿ, ಮತ್ತೂ ಬಿಟ್ಟರೆ ಅದನ್ನು ಸೇರಿಸಬೇಡಿ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂದು ಹೇಳುವವರಿದ್ದಾರೆ, ಸಿದ್ಧ ಬಟ್ಟೆಯ ಬಣ್ಣ ಅದರಿಂದ ನಿಲ್ಲುವುದಿಲ್ಲ. ಕೌದಿಯನ್ನು ತಣ್ಣೀರಿನಲ್ಲಿ ತುಸು ಸೋಪಿನಪುಡಿ ಹಾಕಿ, ತಿರುಚದೆ ಒತ್ತಿ ಒತ್ತಿ ಒಗೆದು, ಮಂಚದ ಮೇಲೆ ಅಥವಾ ಎರಡು ಸಾಲು ಹಗ್ಗಗಳ ಮೇಲೆ ಹರಡಿ, ನಡುನಡುವೆ ಮಗುಚುತ್ತ ಒಣಗಿಸಿ. ಮೇಲ್ಮೈ ಒಣಗಿದ ಮೇಲೂ ಚೌಕಗಳ ಒಡಲಲ್ಲಿ ತೇವ ಉಳಿದಿರುತ್ತದೆ. ನಾಲ್ಕಾರು ಚೌಕಗಳನ್ನು ಹಿಂಡಿ ಮೂಸಿ ನೋಡಿ, ಮುಗ್ಗಲು ವಾಸನೆ ಇದ್ದರೆ ಇನ್ನೂ ಒಂದು ದಿನ ಬಿಸಿಲು ಬೇಕು. ಆದ್ದರಿಂದ ಮೇ ತಿಂಗಳ ಬಿಸಿಲಿನಲ್ಲೇ ಒಗೆದು ಮುಗಿಸಿ, ಮಳೆಗಾಲದಲ್ಲಿ ಒಗೆಯಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟದೆ ಹಳೆಯ ಪಂಚೆಯಲ್ಲಿ ಸುತ್ತಿ ಅಟ್ಟದಲ್ಲಿ ಗಾಳಿಯಾಡುವ ಕಡೆ ಇಟ್ಟು, ಹೊಳವಾದ ದಿನಗಳಲ್ಲಿ ಹೊರಗೆ ತೆಗೆದು ಕೊಡವಿ ಮಡಿಕೆ ಬದಲಿಸಿ ಮತ್ತೆ ಇಡಿ.