ಮಸುಕು ಮಾಡುವವರು ಮೊದಲು ನೋಡಬೇಕು

(ಸಲಹಾರ್ಥಿಯ ಒಪ್ಪಿಗೆಯಿದೆ, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.)

2024ರ ಅಕ್ಟೋಬರಿನಲ್ಲಿ ಆಪ್ತಸಲಹೆಗೆಂದು ನನ್ನ ಬಳಿಗೆ ಬಂದವರು ಬೆಂಗಳೂರಿನ ಕನ್ನಡ ಸುದ್ದಿವಾಹಿನಿಯೊಂದರ ವಿಡಿಯೊ ಎಡಿಟರ್, ವಯಸ್ಸು ಮೂವತ್ತರ ಆಸುಪಾಸು. ನಿದ್ದೆಗೆ ಏನಾದರೂ ದಾರಿ ಹೇಳಿ ಎಂಬುದಷ್ಟೇ ಅವರ ಮೊದಲ ಕೋರಿಕೆಯಾಗಿತ್ತು. ಮಗಳಿಗೆ ಸ್ನಾನ ಮಾಡಿಸುವಾಗ ಮೈಗೆ ಮೆತ್ತಿದ ಕಡಲೆಹಿಟ್ಟು ಕೆಸರಿನಂತೆ ಕಂಡು ಕೈ ನಡುಗುತ್ತದೆ ಎಂಬುದನ್ನು ಎರಡನೆಯ ಭೇಟಿಯಲ್ಲಿ ಹೇಳಿದರು.

ಆ ವರ್ಷದ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲದ ಮೇಲೆ ಗುಡ್ಡ ಕುಸಿದು ಬಂದಾಗ ಅವರು ರಾತ್ರಿಪಾಳಿಯಲ್ಲಿದ್ದರು. ಚಾಲಿಯಾರ್ ನದಿ ಮಲಪ್ಪುರಂ ಜಿಲ್ಲೆಯವರೆಗೆ ಕೊಚ್ಚಿಕೊಂಡು ಹೋದ ಶವಗಳ ದೃಶ್ಯಗಳು ಮುಂದಿನ ದಿನಗಳಲ್ಲಿ ಅವರ ಮೇಜಿಗೆ ಹಸಿಹಸಿಯಾಗಿಯೇ ಬಂದವು. ವೀಕ್ಷಕರು ನೋಡಬಾರದ್ದನ್ನು ಮಸುಕು ಮಾಡುವುದು ಅವರ ಕೆಲಸ; ಅದಕ್ಕಾಗಿ ಅವರು ಪ್ರತಿ ಫ್ರೇಮನ್ನೂ ನಿಲ್ಲಿಸಿ, ಹಿಗ್ಗಿಸಿ, ಹೆಡ್‌ಫೋನ್ ಹಾಕಿಕೊಂಡು ನೋಡಬೇಕಾಗಿತ್ತು.

"ಸ್ಥಳಕ್ಕೆ ಹೋದ ವರದಿಗಾರರೇ ಆರಾಮಾಗಿದ್ದಾರೆ ಮೇಡಂ, ಎ.ಸಿ. ರೂಮಲ್ಲಿ ಕೂತವನಿಗೆ ಏನು ಕಷ್ಟ?" ಎಂದು ಕೇಳಿದರು. ಅವರ ಬಾಯಿ ಕಟ್ಟಿದ್ದು ಈ ನಾಚಿಕೆಯೇ. ಪರದೆಯ ಮೇಲೆ ನೋಡಿದ್ದನ್ನು ಆಘಾತವೆಂದು ಸಾಮಾನ್ಯವಾಗಿ ಎಣಿಸದ ಅಮೆರಿಕನ್ ಮನೋವೈದ್ಯರ ಸಂಘದ 2013ರ ರೋಗನಿರ್ಣಯ ಕೈಪಿಡಿಯೂ, ಕೆಲಸದ ಭಾಗವಾಗಿ ಮತ್ತೆ ಮತ್ತೆ ನೋಡಬೇಕಾದವರ ವಿಷಯದಲ್ಲಿ ಅದನ್ನು ಆಘಾತವೆಂದೇ ಎಣಿಸುತ್ತದೆ ಎಂದು ವಿವರಿಸಿದೆ. ಲಕ್ಷಣಗಳು ತಿಂಗಳು ದಾಟಿದ್ದರಿಂದ ಮನೋವೈದ್ಯರ ಬಳಿಗೂ ಕಳಿಸಿದೆ; ರಾತ್ರಿ ತಡೆಯಲಾಗದಿದ್ದರೆ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಬರೆದುಕೊಟ್ಟೆ.

ನಿಜವಾದ ಗಂಟು ಬೇರೆಯೇ ಇತ್ತು. ಮಗನನ್ನು ಹುಡುಕುತ್ತಿದ್ದ ತಾಯಿಯೊಬ್ಬರ ಗೋಳಿನ ತುಣುಕನ್ನು, ನಿರೂಪಕರ ಮಾತಿನ ಹಿಂದೆ ಇಡೀ ಮಧ್ಯಾಹ್ನ ತಿರುತಿರುಗಿ ಬರುವಂತೆ ಜೋಡಿಸಿದವರು ಇವರೇ. "ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ" ಎಂದು ನಾನು ಹೇಳಲಿಲ್ಲ; ಹೇಳಿದ್ದರೆ ಅವರು ಮತ್ತೆ ಬರುತ್ತಿರಲಿಲ್ಲ ಎಂದೇ ನನ್ನ ಅನಿಸಿಕೆ. ಆದೇಶ ಯಾರದು, ಕೈ ಯಾರದು, ಬೇಡವೆನ್ನಲು ಎಷ್ಟು ಅವಕಾಶವಿತ್ತು ಎಂಬುದನ್ನು ಇಬ್ಬರೂ ಕೂತು ಕಾಗದದ ಮೇಲೆ ಬಿಡಿಸಿದೆವು. ಅವರ ಪಾಲು ಅಳಿಸಿಹೋಗಲಿಲ್ಲ, ಆದರೆ ಅದು ಎಷ್ಟೆಂಬುದು ಅವರಿಗೆ ಕಂಡಿತು.

ಕೆಲಸ ಬಿಡುವ ತೀರ್ಮಾನವನ್ನು ನಿದ್ದೆ ಸರಿಯಾಗುವವರೆಗೆ ಮುಂದೂಡಲು ಹೇಳಿದೆ. ಮಸುಕು ಮಾಡುವಾಗ ಧ್ವನಿ ಬೇಕಿಲ್ಲವಾದ್ದರಿಂದ ಮೊದಲು ಅದನ್ನು ನಿಲ್ಲಿಸುವುದು (ಹೆಚ್ಚಿನವರನ್ನು ಬೆನ್ನಟ್ಟುವುದು ಚಿತ್ರಕ್ಕಿಂತ ಕೂಗು ಎಂಬುದು ನನ್ನ ಅನುಭವ), ದೃಶ್ಯವನ್ನು ಪರದೆಯ ಮೂಲೆಯ ಸಣ್ಣ ಚೌಕದಲ್ಲಿ ಇಟ್ಟುಕೊಳ್ಳುವುದು, ಇಂಥ ಕೆಲಸವನ್ನು ಪಾಳಿಯ ಕೊನೆಗೆ ಉಳಿಸಿಕೊಳ್ಳದಿರುವುದು, ಮತ್ತು ಮುಂದೆ ಕಡತ ತೆರೆಯುವವರು ಬೆಚ್ಚಿಬೀಳದಂತೆ "ಶವವಿದೆ, 40ನೇ ಸೆಕೆಂಡಿನಿಂದ" ಎಂದು ಅದರ ಹೆಸರಿನಲ್ಲೇ ನಮೂದಿಸುವುದು: ಇವನ್ನು ಅವರು ಆ ವಾರದಿಂದಲೇ ರೂಢಿಸಿಕೊಂಡರು. ಹೆಂಡತಿಗೆ ದೃಶ್ಯಗಳನ್ನು ವರ್ಣಿಸದೆ, ತಮಗೆ ಏನಾಗುತ್ತಿದೆ ಎಂಬುದನ್ನು ಮಾತ್ರ ಹೇಳಿ ಎಂದೆ. ಅದಕ್ಕೆ ಹೆಚ್ಚು ಕಾಲ ಹಿಡಿಯಿತು.

2025ರ ಜುಲೈನಲ್ಲಿ, ದುರಂತಕ್ಕೆ ವರ್ಷ ತುಂಬಿದಾಗ, ಸುದ್ದಿಮನೆ ಹಳೆಯ ತುಣುಕುಗಳನ್ನು ಕೇಳಿತು. ಆ ತಾಯಿಯ ದೃಶ್ಯವನ್ನು ಬಿಟ್ಟು, ಸೇನೆ ಚೂರಲ್‌ಮಲದಲ್ಲಿ ಕಟ್ಟಿದ ಬೈಲಿ ಸೇತುವೆಯ ದೃಶ್ಯವನ್ನು ಅವರು ಕೊಟ್ಟರು. ಮುಖ್ಯಸ್ಥರು ಯಾಕೆಂದು ಕೇಳಿದರು. ಇವರು ಕಾರಣ ಹೇಳಿದರು. ಜೋರು ಮಳೆಯ ರಾತ್ರಿ ಈಗಲೂ ಎಚ್ಚರವಾಗುತ್ತದೆ, ಆದ್ದರಿಂದ ತಿಂಗಳಿಗೊಮ್ಮೆ ಬರುತ್ತಿದ್ದಾರೆ.